ಹಿತ್ತಲ ಕುಲುಮೆ: ಮನೆಯಲ್ಲೇ ಹತ್ಯಾರ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯ ಹಿತ್ತಲಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ತಗಡಿನ ಶೆಡ್ ಇದೆ. ಹಗಲು ನೌಕರಿ, ಸಂಜೆ ಮತ್ತು ಭಾನುವಾರ ಅಲ್ಲಿ ಕಬ್ಬಿಣದ ಕೆಲಸ. ಮನೆಗೆ ಬಂದವರು, ಪತ್ರ ಬರೆದವರು, ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಮೊದಲ ಸಲ ಅರ ಹಿಡಿಯುವವರು ಮೇಲಿನಿಂದ ಓದಿ. ಕೈ ಪಳಗಿದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

ನನ್ನ ಹತ್ತಿರ ಲೇತ್ (ಲೋಹವನ್ನು ತಿರುಗಿಸುತ್ತಾ ಕಡಿಯುವ ಯಂತ್ರ) ಇಲ್ಲ, ವೆಲ್ಡಿಂಗ್ ಮಷೀನೂ ಇಲ್ಲ. ಬರೀ ಕೈಯಲ್ಲಿ ಏನಾದರೂ ಆಗುತ್ತದೆಯೇ?

ಆಗುತ್ತದೆ. ಒಂದು ಗಟ್ಟಿ ಬೆಂಚ್ ವೈಸ್, ಎರಡು ಅರ, ಒಂದು ಹ್ಯಾಕ್ಸಾ, ಒಂದು ಸುತ್ತಿಗೆ, ಒಂದು ಕೈ ಡ್ರಿಲ್. ಇಷ್ಟರಲ್ಲೇ ಒಂದು ವರ್ಷದ ಕಲಿಕೆ ಇದೆ. ದುಡ್ಡು ಹಾಕುವುದಾದರೆ ಮೊದಲು ವೈಸಿಗೆ ಹಾಕಿ. ವೈಸ್ ಅಲುಗಿದರೆ ಅರ ನಡುಗುತ್ತದೆ, ಅರ ನಡುಗಿದರೆ ಮಟ್ಟಸವಾಗಬೇಕಾದ ಮೇಲ್ಮೈ ನಡುವೆ ಉಬ್ಬುತ್ತದೆ. ವೈಸಿನ ಬಾಯಿ ನಿಮ್ಮ ಮೊಣಕೈ ಎತ್ತರಕ್ಕೆ ಬರುವಂತೆ ಬೆಂಚು ಕಟ್ಟಿಸಿ.

ಅರದ ಹಲ್ಲು ಮುಂದಕ್ಕೆ ಹೋಗುವಾಗ ಮಾತ್ರ ಕಡಿಯುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಕಬ್ಬಿಣ ಸವೆಯುವುದಿಲ್ಲ, ಅರದ ಹಲ್ಲು ಸವೆಯುತ್ತದೆ. ಹೊಸಬರ ಅರಗಳು ಮೂರೇ ತಿಂಗಳಲ್ಲಿ ಮೊಂಡಾಗುವುದು ಹೀಗೆಯೇ. ಕೆಲಸಕ್ಕೆ ಮೊದಲು ಅರಕ್ಕೆ ಸೀಮೆಸುಣ್ಣ ತಿಕ್ಕಿದರೆ ಪುಡಿ ಹಲ್ಲಿನಲ್ಲಿ ಸಿಕ್ಕಿಕೊಂಡು ಗೀರು ಬೀಳುವುದು ತಪ್ಪುತ್ತದೆ. ಹ್ಯಾಕ್ಸಾ ಬ್ಲೇಡು ಅಂಗುಲಕ್ಕೆ 18, 24, 32 ಹಲ್ಲಿನ ಲೆಕ್ಕದಲ್ಲಿ ಸಿಗುತ್ತದೆ. ದಪ್ಪ ಸರಳಿಗೆ 18, ತೆಳು ಪೈಪಿಗೆ 32. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲಿರಬೇಕು, ಇಲ್ಲದಿದ್ದರೆ ಹಲ್ಲು ಕಿತ್ತುಹೋಗುತ್ತದೆ.

ಮೊದಲು ಏನು ಮಾಡಲಿ? ಎಲ್ಲರೂ ಚಾಕು ಮಾಡು ಅನ್ನುತ್ತಾರೆ.

ಚಾಕು ಆಮೇಲೆ ಮಾಡಿ. ಅದರಲ್ಲಿ ತೆಳು ಅಲಗು, ಉದ್ದನೆಯ ಧಾರ, ಸೊಟ್ಟಗಾಗುವ ಭಯ ಎಲ್ಲವೂ ಒಟ್ಟಿಗೇ ಬರುತ್ತವೆ. ಮೊದಲು ಒಂದು ಸೆಂಟರ್ ಪಂಚ್ ಮಾಡಿ, ಅಂದರೆ ರಂಧ್ರ ಕೊರೆಯುವ ಜಾಗಕ್ಕೆ ಚುಕ್ಕೆ ಹೊಡೆಯುವ ಚೂಪು ಸರಳು. ಹತ್ತು ಮಿ.ಮೀ. ದಪ್ಪದ ಉಕ್ಕಿನ ಸರಳು, ಬೆರಳಿನಷ್ಟು ಉದ್ದ. ತುದಿಯನ್ನು 90 ಡಿಗ್ರಿ ಕೋನಕ್ಕೆ ಅರದಿಂದ ತಿದ್ದಬೇಕು, ತುದಿಯನ್ನಷ್ಟೇ ಗಡಸು ಮಾಡಬೇಕು, ಸುತ್ತಿಗೆ ಬೀಳುವ ತಲೆಯನ್ನು ಮೆತ್ತಗೇ ಬಿಡಬೇಕು. ಅರ, ಬೆಂಕಿ, ಹದ ಮೂರೂ ಇಷ್ಟು ಪುಟ್ಟ ವಸ್ತುವಿನಲ್ಲಿ ಕಲಿತಂತಾಗುತ್ತದೆ, ಕೆಟ್ಟರೆ ಹೋಗುವುದು ಒಂದು ಸಂಜೆಯ ಶ್ರಮ ಮಾತ್ರ. ಎರಡನೆಯದಾಗಿ, ಮನೆಯಲ್ಲಿ ಯಾರಿಗಾದರೂ ಬೇಕಾದದ್ದನ್ನು ಮಾಡಿ. ನಾನು ಅವ್ವನಿಗೆ ಹೂದೋಟದಲ್ಲಿ ಕಳೆ ತೆಗೆಯುವ ಕುರ್ಚಿಗಿ ಮಾಡಿಕೊಟ್ಟೆ. ಅದು ಎಲ್ಲಿ ಬಾಗಿತು, ಹಿಡಿ ಎಲ್ಲಿ ಒತ್ತಿತು ಎಂದು ಅವರು ದಿನವೂ ಹೇಳುತ್ತಿದ್ದರು. ಅಷ್ಟು ಒಳ್ಳೆಯ ಪರೀಕ್ಷಕರು ನನಗೆ ಬೇರೆ ಸಿಗಲಿಲ್ಲ.

ಕತ್ತಿ, ಖಡ್ಗ ಮಾಡುವ ಆಸೆ ಇಟ್ಟುಕೊಂಡ ಹುಡುಗರು ಒಂದು ವಿಷಯ ತಿಳಿದಿರಲಿ: ಮನೆ, ಹೊಲ, ಕಾರ್ಖಾನೆಯ ಬಳಕೆಗಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಹರಿತ ಅಲಗು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಬಾಡಿಗೆ ಮನೆ, ಗೋಡೆಗೆ ಗೋಡೆ ಅಂಟಿದೆ. ಬಡಿಯುವ ಸದ್ದಿಗೆ ಏನು ಮಾಡಲಿ?

ಅರದ ಕೆಲಸಕ್ಕೆ ಸದ್ದಿಲ್ಲ. ಬಡಿಯಲೇಬೇಕಾದರೆ ಅಡಿಗಲ್ಲನ್ನು (ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ಗಟ್ಟಿ) ಮರಳು ತುಂಬಿದ ಪೆಟ್ಟಿಗೆಯ ಮೇಲೋ ದಪ್ಪ ಮರದ ಕೊರಡಿನ ಮೇಲೋ ಕೂರಿಸಿ, ಸುತ್ತ ಒಂದು ಸರಪಳಿ ಬಿಗಿದು ಕಟ್ಟಿ. ಗಂಟೆಯಂತೆ ಕೇಳುವ ಸದ್ದು ದಪ್ ಎನ್ನುವ ಸದ್ದಾಗುತ್ತದೆ. ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಬೇಡ.

## ಕಬ್ಬಿಣವೋ ಉಕ್ಕೋ

ಗುಜರಿಯಲ್ಲಿ ರಾಶಿ ಬಿದ್ದಿರುತ್ತದೆ. ಯಾವುದು ಹದ ಹಿಡಿಯುವ ಉಕ್ಕು, ಯಾವುದು ಬರೀ ಕಬ್ಬಿಣ ಎಂದು ಹೇಗೆ ಗೊತ್ತಾಗುತ್ತದೆ?

ಎಲ್ಲವೂ ನಿಂತಿರುವುದು ಇಂಗಾಲದ ಮೇಲೆ. ಕಿಟಕಿ, ಗೇಟು ಮಾಡುವ ಮೆತ್ತನೆಯ ಕಬ್ಬಿಣದಲ್ಲಿ ಇಂಗಾಲ ಸುಮಾರು ಶೇಕಡಾ 0.2. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಧಾರ ನಿಲ್ಲುವಷ್ಟು ಗಡಸಾಗುವುದಿಲ್ಲ. ಧಾರ ನಿಲ್ಲಬೇಕಾದರೆ ಶೇಕಡಾ 0.5ಕ್ಕಿಂತ ಹೆಚ್ಚಿರಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ 0.5ರಿಂದ 0.6ರಷ್ಟು, ಬೇರಿಂಗಿನ ಬಳೆಯಲ್ಲಿ ಸುಮಾರು 1, ಒಳ್ಳೆಯ ಹಳೆಯ ಅರದಲ್ಲಿ 1 ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಮನೆ ಕಟ್ಟುವ ಟಿಎಂಟಿ ಸರಳು ಗಟ್ಟಿ ಅನ್ನಿಸಿದರೂ ಹತ್ಯಾರಕ್ಕೆ ಬಾರದು. ಅದರ ಹೊರಪದರ ಮಾತ್ರ ಗಡಸು, ಇಂಗಾಲ ಕಡಿಮೆ.

ಗುರುತಿಸಲು ಕಿಡಿ ನೋಡಿ. ಸಂಜೆ ಮಬ್ಬಿನಲ್ಲಿ ಗ್ರೈಂಡರ್ ಚಕ್ರಕ್ಕೆ ತಾಗಿಸಿದಾಗ ಮೆತ್ತನೆಯ ಕಬ್ಬಿಣದ ಕಿಡಿ ಉದ್ದನೆಯ ಹಳದಿ ಗೆರೆಯಾಗಿ ಹೋಗಿ ತುದಿಯಲ್ಲಿ ಒಂದೆರಡು ಕವಲೊಡೆಯುತ್ತದೆ. ಇಂಗಾಲ ಹೆಚ್ಚಿದ್ದರೆ ಚಕ್ರದ ಹತ್ತಿರದಲ್ಲೇ ಸುರುಸುರುಬತ್ತಿಯ ಹಾಗೆ ಸಿಡಿಯುತ್ತದೆ. ಎರಕದ ಕಬ್ಬಿಣದ ಕಿಡಿ ಮೋಟು, ಮಂದ ಕೆಂಪು. ಒಂದು ಹಳೆಯ ಅರವನ್ನೂ ಒಂದು ಗೇಟಿನ ಸರಳನ್ನೂ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿದರೆ ಕಣ್ಣು ಬೇಗ ಪಳಗುತ್ತದೆ. ಕೊನೆಯ ತೀರ್ಪು ಮುರಿದು ನೋಡಿದಾಗಲೇ: ಒಂದು ತುಣುಕನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಬಟ್ಟೆ ಸುತ್ತಿ ವೈಸಿಗೆ ಸಿಕ್ಕಿಸಿ ಹೊಡೆಯಿರಿ. ಬಾಗಿದರೆ ಕಬ್ಬಿಣ. ಗಾಜಿನಂತೆ ತುಂಡಾದರೆ ಉಕ್ಕು. ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಭಾರ ಹೊತ್ತು ಬಂದ ಕೂದಲೆಳೆಯ ಬಿರುಕು ಅಡಗಿರಬಹುದು. ನಡುವಿನ ರಂಧ್ರದ ಸುತ್ತಲಿನ ಭಾಗವನ್ನು ಕತ್ತರಿಸಿ ಎಸೆಯಿರಿ.

ಅಡಿಗಲ್ಲಿಗೆ ರೈಲು ಹಳಿಯ ತುಂಡು ಒಳ್ಳೆಯದಂತೆ. ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ?

ಹುಬ್ಬಳ್ಳಿ ರೈಲಿನ ಊರು. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಇಲ್ಲಿ ರೈಲ್ವೆ ಕಾರ್ಯಾಗಾರವಿದೆ. ಹಾಗಾಗಿ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಹಳಿಯ ಉಕ್ಕು ನಿಜಕ್ಕೂ ಒಳ್ಳೆಯದು. ಆದರೆ ಯಾರೋ ತಂದುಕೊಟ್ಟ ತುಂಡನ್ನು ರಸೀತಿ ಇಲ್ಲದೆ ಕೊಳ್ಳಬೇಡಿ. 1966ರ ರೈಲ್ವೆ ಆಸ್ತಿ ಕಾಯ್ದೆಯ ಪ್ರಕಾರ ಕದ್ದದ್ದೆಂದು ಶಂಕೆ ಬರುವ ರೈಲ್ವೆ ವಸ್ತು ನಿಮ್ಮ ಬಳಿ ಇದ್ದು, ಅದು ನ್ಯಾಯವಾಗಿ ಬಂದದ್ದೆಂದು ನೀವು ತೋರಿಸಲಾಗದಿದ್ದರೆ 5 ವರ್ಷದವರೆಗೆ ಸೆರೆವಾಸವಾಗಬಹುದು. ರೈಲ್ವೆ ತನ್ನ ಗುಜರಿಯನ್ನು ಹರಾಜಿನಲ್ಲಿ ಮಾರುತ್ತದೆ. ಅಲ್ಲಿ ಕೊಂಡ ವ್ಯಾಪಾರಿಯಿಂದ ಬಿಲ್ಲಿನೊಂದಿಗೆ ತೆಗೆದುಕೊಂಡರೆ ತೊಂದರೆ ಇಲ್ಲ.

ಸಿಕ್ಕರೆ, ಮಲಗಿಸದೆ ನೆಟ್ಟಗೆ ನಿಲ್ಲಿಸಿ. ಮಲಗಿದ ಹಳಿಯ ನಡುವೆ ತೆಳು ಸೊಂಟವಿರುವುದರಿಂದ ಅದು ಪುಟಿಯುತ್ತದೆ, ಪೆಟ್ಟಿನ ಬಲ ಅಲ್ಲೇ ಕರಗಿಹೋಗುತ್ತದೆ. ನಿಲ್ಲಿಸಿದರೆ ಸುತ್ತಿಗೆಯ ನೇರ ಕೆಳಗೆ ಅಷ್ಟೂ ತೂಕ ಇರುತ್ತದೆ. ಹಳಿಯೇ ಬೇಕೆಂದಿಲ್ಲ. ಅಂಗೈ ಅಗಲದ, ಒಂದಡಿ ಉದ್ದದ ಯಾವ ಉಕ್ಕಿನ ಗಟ್ಟಿಯನ್ನು ಕೊರಡಿನಲ್ಲಿ ಹುಗಿದು ನಿಲ್ಲಿಸಿದರೂ ಅದು ಚೆನ್ನಾದ ಅಡಿಗಲ್ಲು.

ಹಳೆಯ ಜಿಐ ಪೈಪು ಬಿದ್ದಿದೆ, ಕಾಯಿಸಿ ಬಡಿಯಬಹುದೇ?

ಬೇಡ. ಅದರ ಮೇಲಿನ ಸತುವಿನ ಲೇಪ ಬೆಂಕಿಯಲ್ಲಿ ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ, ಮೈಕೈ ನೋವು, ವಾಕರಿಕೆ ಬರುತ್ತದೆ. ಕ್ರೋಮ್ ಹೊಳಪಿನ ವಸ್ತು, ಬಾಯಿ ಮುಚ್ಚಿದ ಶಾಕ್ ಅಬ್ಸಾರ್ಬರ್, ಹಳೆಯ ಎಣ್ಣೆ ಡ್ರಮ್ಮುಗಳನ್ನೂ ಬೆಂಕಿಯಿಂದ ದೂರವಿಡಿ.

## ಬೆಂಕಿ ಮತ್ತು ಹದ

ಮನೆಯ ಹಿತ್ತಲಲ್ಲಿ ಕುಲುಮೆ ಹೂಡಬಹುದೇ? ಯಾವ ಇದ್ದಿಲು ತರಲಿ?

ಲಾರಿಯ ಹಳೆಯ ಬ್ರೇಕ್ ಡ್ರಮ್, ಒಳಗೆ ಜೇಡಿಮಣ್ಣಿನ ಮೆತ್ತೆ, ಕೆಳಗಿನಿಂದ ಒಂದು ಕಬ್ಬಿಣದ ಪೈಪು, ಗಾಳಿಗೆ ಸಣ್ಣ ಬ್ಲೋವರ್. ಹಿಂದೆ ತಿದಿ ಒತ್ತಲು ಒಬ್ಬರು ಬೇಕಿತ್ತು, ಈಗ ಒಂದು ಸ್ವಿಚ್ಚು ಸಾಕು. ನಮ್ಮ ಭಾಗದಲ್ಲಿ ಜಾಲಿ ಮರದ ಇದ್ದಿಲು ಸುಲಭವಾಗಿ ಸಿಗುತ್ತದೆ, ಗಟ್ಟಿಯಾಗಿ ಉರಿಯುತ್ತದೆ, ಕಲ್ಲಿದ್ದಲಿನಂತೆ ಗಂಧಕವನ್ನು ಉಕ್ಕಿಗೆ ಬಿಡುವುದಿಲ್ಲ. ಇದ್ದಿಲನ್ನು ಅಡಿಕೆಗಿಂತ ತುಸು ದೊಡ್ಡ ಚೂರುಗಳಾಗಿ ಒಡೆದು ಕನಿಷ್ಠ ಗೇಣುದ್ದ ಆಳಕ್ಕೆ ತುಂಬಿ. ತೆಳು ಬೆಂಕಿಯಲ್ಲಿ ಗಾಳಿ ನೇರವಾಗಿ ಉಕ್ಕಿಗೆ ಬಡಿದು ಕಿಟ್ಟ ಹೆಚ್ಚುತ್ತದೆ.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂದೂ ಇದ್ದಿಲು ಹೊತ್ತಿಸಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಅದು ಕೊಲ್ಲುತ್ತದೆ. ಹಸಿ ಕಾಂಕ್ರೀಟು, ಹಳ್ಳದ ಕಲ್ಲುಗಳನ್ನು ಒಲೆಗೆ ಬಳಸಿದರೆ ಒಳಗಿನ ನೀರು ಆವಿಯಾಗಿ ಸಿಡಿಯಬಹುದು. ಗ್ಯಾಸ್ ಕುಲುಮೆ ಮಾಡುವವರು ಮನೆಬಳಕೆಯ 14.2 ಕಿಲೋ ಸಿಲಿಂಡರ್ ಮುಟ್ಟುವಂತಿಲ್ಲ, ಅದು ಅಡುಗೆಗೆ ಮಾತ್ರ.

ಎಷ್ಟು ಕೆಂಪಾದಾಗ ಬಡಿಯಬೇಕು?

ಕಿತ್ತಳೆ ಬಣ್ಣ ಬಂದಾಗ, ಅಂದರೆ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಯಲು ಶುರು ಮಾಡಿ, ಕೆಂಪು ಮಂದವಾಗುವ ಮೊದಲೇ ನಿಲ್ಲಿಸಿ ಮತ್ತೆ ಬೆಂಕಿಗಿಡಿ. ಕಪ್ಪಾದ ಉಕ್ಕನ್ನು ಬಡಿದರೆ ಒಳಗೆ ಬಿರುಕು ಬಿಡುತ್ತದೆ. ಬೆಳ್ಳಗಾಗಿ ಕಿಡಿ ಚಿಮ್ಮಿದರೆ ಇಂಗಾಲದ ಉಕ್ಕು ಸುಟ್ಟಿದೆ ಎಂದೇ ಅರ್ಥ, ಆ ತುದಿಯನ್ನು ಕತ್ತರಿಸಬೇಕು. ಬಿಸಿಲಿನಲ್ಲಿ ಬಣ್ಣ ತಿಳಿಯುವುದಿಲ್ಲ. ಕುಲುಮೆ ನೆರಳಿನಲ್ಲಿರಲಿ.

ನೀರಿನಲ್ಲಿ ಅದ್ದಬೇಕೋ ಎಣ್ಣೆಯಲ್ಲೋ? ನಮ್ಮೂರ ಕಂಬಾರರು ನೀರಿಗೇ ಹಾಕುತ್ತಾರೆ.

ನಿಮ್ಮೂರ ಕಂಬಾರರು ಮಾಡುವುದು ಸರಿ, ಆದರೆ ಅವರ ಕಣ್ಣು ಗಮನಿಸುವುದನ್ನು ನಾವು ಗಮನಿಸುವುದಿಲ್ಲ.

ಉಕ್ಕನ್ನು ಕೆಂಪಗೆ ಕಾಯಿಸಿದಾಗ ಇಂಗಾಲ ಕಬ್ಬಿಣದೊಳಗೆ ಕರಗುತ್ತದೆ. ನಿಧಾನವಾಗಿ ಆರಿದರೆ ಹೊರಗೆ ಬಂದು ಬೇರೆಯಾಗಿ ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ಹಠಾತ್ತನೆ ತಣಿಸಿದರೆ ಹೊರಬರಲು ಸಮಯ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ಬಿಗಿತವೇ ಗಡಸು, ಪೆಡಸೂ ಅದೇ. ಎಷ್ಟು ಬೇಗ ತಣಿಸಬೇಕು ಎನ್ನುವುದು ಉಕ್ಕಿನ ಜಾತಿಯನ್ನು ಅವಲಂಬಿಸಿದೆ. ಬರೀ ಇಂಗಾಲದ ಉಕ್ಕಿಗೆ ನೀರಿನ ವೇಗ ಬೇಕಾಗಬಹುದು. ಸಿಲಿಕಾನ್, ಕ್ರೋಮಿಯಂ ಬೆರೆತ ಸ್ಪ್ರಿಂಗ್ ಪಟ್ಟಿಗೆ, ಬೇರಿಂಗ್ ಉಕ್ಕಿಗೆ ಎಣ್ಣೆಯ ವೇಗ ಸಾಕು. ಅವನ್ನು ನೀರಿಗೆ ಹಾಕಿದರೆ ಬಿರುಕು ಬಿಡುವ ಸಂಭವವೇ ಹೆಚ್ಚು.

ಇದನ್ನು ನಾನು ಕಲಿತದ್ದು ಒಂದು ಅಗಲ ಉಳಿಯಿಂದ. ಸ್ಪ್ರಿಂಗ್ ಪಟ್ಟಿಯಿಂದ ಮೂರು ಸಂಜೆ ಅರ ತಿಕ್ಕಿ ತಯಾರು ಮಾಡಿದ್ದೆ. ಜನವರಿಯ ಬೆಳಗು, ತೊಟ್ಟಿಯ ನೀರು ಕೊರೆಯುತ್ತಿತ್ತು. ಅದ್ದಿದೆ. ನೀರು ಕುದಿಯುವ ಸದ್ದಿನ ನಡುವೆ ಬಳೆ ಒಡೆದಂತೆ ‘ಟಿಣ್’ ಎಂದು ಕೇಳಿಸಿತು. ಹೊರತೆಗೆದು ಬಟ್ಟೆಯಿಂದ ಒರೆಸಿದೆ, ಏನೂ ಕಾಣಲಿಲ್ಲ. ಒಂದು ಕ್ಷಣ ಬಿಟ್ಟು, ಒರೆಸಿದ ಜಾಗದಲ್ಲೇ ಧಾರದಿಂದ ಬೆನ್ನಿನ ಕಡೆಗೆ ಕೂದಲಿನಷ್ಟು ಸಣ್ಣ ತೇವದ ಗೆರೆ ಮೂಡಿತು. ಬಿರುಕಿನೊಳಗೆ ಹೋದ ನೀರು ಮರಳಿ ಹೊರಗೆ ಬರುತ್ತಿತ್ತು. ಆ ಉಳಿ ಈಗಲೂ ಬೆಂಚಿನ ಮೇಲಿನ ಮೊಳೆಗೆ ನೇತಾಡುತ್ತಿದೆ.

ಈಗ ಮಾಡುವುದು ಹೀಗೆ. ಮೊದಲು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡುತ್ತೇನೆ. ಬಡಿದಾಗ ಒಳಗೆ ಕೂತ ಒತ್ತಡ ಇಳಿಯುತ್ತದೆ, ಉಕ್ಕಿನ ಕಣ ಸಣ್ಣದಾಗುತ್ತದೆ. ಆಮೇಲೆ ಅಯಸ್ಕಾಂತ ಹಿಡಿದುಕೊಂಡು ಕಾಯಿಸುತ್ತೇನೆ. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಬಣ್ಣ ಇನ್ನು ತುಸು ಏರಿದೊಡನೆ, ಬೆಚ್ಚಗೆ ಮಾಡಿಟ್ಟ ಶೇಂಗಾ ಎಣ್ಣೆಯಲ್ಲಿ ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸುತ್ತೇನೆ. ಅಡ್ಡಡ್ಡ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಎಣ್ಣೆ ಸುಮಾರು 50–60 ಡಿಗ್ರಿ ಇದ್ದರೆ ತೆಳುವಾಗಿ ಹರಿದು ತಣ್ಣನೆಯ ಎಣ್ಣೆಗಿಂತ ಬೇಗ ತಣಿಸುತ್ತದೆ. ಪಾತ್ರೆ ಕಬ್ಬಿಣದ್ದೇ ಆಗಿರಲಿ, ಮುಚ್ಚಳ ಕೈಗೆಟುಕುವಲ್ಲಿರಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಿ, ನೀರು ಸುರಿಯಬೇಡಿ. ಗಾಡಿಯಿಂದ ಇಳಿಸಿದ ಎಂಜಿನ್ ಎಣ್ಣೆಯ ಹೊಗೆ ವಿಷ, ಅದನ್ನು ನಾನು ಶೆಡ್ಡಿಗೇ ತರುವುದಿಲ್ಲ.

ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಬೇಕೇ? ಎಷ್ಟು?

ಕಾಯಿಸಲೇಬೇಕು, ಅದೂ ಅಂದೇ. ಗಡಸಾಗಿ ಹಾಗೇ ಬಿಟ್ಟ ಉಕ್ಕು ಕೆಳಗೆ ಬಿದ್ದರೂ ಒಡೆಯಬಹುದು. ಇದನ್ನೇ ಹದ ಇಳಿಸುವುದು ಎನ್ನುತ್ತೇವೆ.

ಅಣ್ಣಿಗೇರಿಯ ಹತ್ತಿರದ ಹಳ್ಳಿಯೊಂದರ ಕಂಬಾರಜ್ಜ ಇದನ್ನು ಒಂದೇ ಕಾವಿನಲ್ಲಿ ಮುಗಿಸುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಉಳಿಯ ತುದಿಯನ್ನು ಹೆಬ್ಬೆರಳಿನಗಲ ಮಾತ್ರ ನೀರಿಗಿಳಿಸಿ ತೆಗೆಯುತ್ತಿದ್ದರು. ಸಾಣೆಯ ಚೂರಿನಿಂದ ಎರಡು ಸಲ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದರು. ಹಿಂದಿನ ಭಾಗದಲ್ಲಿ ಉಳಿದ ಕಾವು ತುದಿಯತ್ತ ಹರಿದು ಬರುವಾಗ ಬಣ್ಣಗಳೂ ಹರಿದು ಬರುತ್ತವೆ. ಮೊದಲು ಒಣ ಕಣಿಕೆಯ ತೆಳು ಹಳದಿ, ಅದರ ಹಿಂದೆ ಬೆಲ್ಲದ ಕಂದು, ಆಮೇಲೆ ಬದನೆಕಾಯಿಯ ನೇರಳೆ, ಕೊನೆಗೆ ನವಿಲುಗತ್ತಿನ ನೀಲಿ. ಬೇಕಾದ ಬಣ್ಣ ತುದಿ ಮುಟ್ಟಿದ ಗಳಿಗೆಯಲ್ಲಿ ಪೂರ್ತಿ ಮುಳುಗಿಸಿಬಿಡುತ್ತಿದ್ದರು. ಆ ಬಣ್ಣ ಮೇಲ್ಮೈಯಲ್ಲಿ ಕೂರುವ ತುಕ್ಕಿನ ಅತಿ ತೆಳು ಪದರದ್ದು. ಕಾವು ಏರಿದಂತೆ ಪದರ ದಪ್ಪವಾಗಿ ಬಣ್ಣ ಬದಲಾಗುತ್ತದೆ. ಹಳದಿ ಎಂದರೆ ಸುಮಾರು 220–230 ಡಿಗ್ರಿ, ಕಂದು 250ರ ಮೇಲೆ, ನೇರಳೆ 270–280, ನೀಲಿ 300ರ ಹತ್ತಿರ.

ಮರದ ಉಳಿಗೆ, ಚಾಕುವಿಗೆ ಹಳದಿ. ಕುಡುಗೋಲಿಗೆ ಕಂದು. ಕಬ್ಬಿಣ ಕಡಿಯುವ ಉಳಿಗೆ ನೇರಳೆ. ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿ. ಗದಗಿನ ವಿದ್ಯಾರ್ಥಿಯೊಬ್ಬರು ಲಕ್ಕುಂಡಿಯ ಗುಡಿಗಳನ್ನು ನೋಡಿ ಬಂದು ಕಲ್ಲು ಕೆತ್ತುವ ಉಳಿಯ ಹದ ಕೇಳಿದ್ದರು. ಅಲ್ಲಿಯ ಬಳಪದ ಕಲ್ಲಿನಂಥ ಮೆದು ಕಲ್ಲಿಗೆ ಹಳದಿಯ ಹದ ನಡೆಯುತ್ತದೆ. ಗ್ರಾನೈಟಿಗೆ ತುದಿ ಚಕ್ಕೆ ಏಳದಂತೆ ಕಂದಿಗೆ ಇಳಿಸಿ. ಕಣ್ಣಿನ ಮೇಲೆ ನಂಬಿಕೆ ಬರುವ ತನಕ ಅಡುಗೆಮನೆಯ ಓವನ್ನಿನಲ್ಲಿ 200–220 ಡಿಗ್ರಿಗೆ ಎರಡು ಸಲ, ಒಂದೊಂದು ಗಂಟೆ ಇಡುವುದು ಸುಲಭ ದಾರಿ.

ಕಂಬಾರರ ಹತ್ತಿರ ಹೋಗಿ ಕಲಿಯಬೇಕೆಂದಿದ್ದೇನೆ. ಹೇಗೆ ಕೇಳಲಿ?

ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಹೋಗಬೇಡಿ. ಕುಂಟೆ, ಕೂರಿಗೆ, ಕುಡಗಳನ್ನು ಹಣಿಸಲು ರೈತರು ಸಾಲುಗಟ್ಟಿ ನಿಂತಿರುತ್ತಾರೆ. ಬಿಡುವಿನ ದಿನ ನೋಡಿ, ಒಂದು ಕೆಲಸ ಕೊಟ್ಟು, ಮಾಡುವುದನ್ನು ನೋಡುತ್ತಾ ಕೂರಲು ಅಪ್ಪಣೆ ಕೇಳಿ. ಅವರ ಹೊತ್ತಿಗೆ ದುಡ್ಡು ಕೊಡಿ. ಚೌಕಾಸಿ ಮಾಡಬೇಡಿ. ಅವರು ತೂಕ ಹಾಕಿ ಹೇಳುವ ಒಂದು ಮಾತಿನಲ್ಲಿ ನಾವು ವರ್ಷಗಟ್ಟಲೆ ಕೆಡಿಸಿ ಕಲಿಯುವುದು ಇರುತ್ತದೆ.

## ಧಾರ, ಹಿಡಿ, ತುಕ್ಕು

ಧಾರ ಹಿಡಿಯುವಾಗ ತುದಿ ನೀಲಿಯಾಯಿತು. ಕೆಟ್ಟಿತೇ?

ಆ ನೀಲಿಯಿರುವಷ್ಟು ಭಾಗ ಕೆಟ್ಟಿತು. ಗ್ರೈಂಡರಿನ ಕಾವು 300 ಡಿಗ್ರಿಯ ಹತ್ತಿರ ಮುಟ್ಟಿ ಹದ ಇಳಿದುಹೋಗಿದೆ. ಬಣ್ಣ ಒರೆಸಿದರೆ ಹದ ಮರಳುವುದಿಲ್ಲ, ಅಷ್ಟನ್ನು ತಣ್ಣಗೆ ತೇಯ್ದು ತೆಗೆಯಬೇಕು. ಬರಿಗೈಯಲ್ಲಿ ಹಿಡಿದು ತೇಯಿರಿ, ಬೆರಳಿಗೆ ಬಿಸಿ ತಾಗಿದೊಡನೆ ನೀರಿಗದ್ದಿ. ಮರದ ಉಳಿಗೆ 25ರಿಂದ 30 ಡಿಗ್ರಿ, ಅಡುಗೆ ಚಾಕುವಿಗೆ ಎರಡೂ ಬದಿ 15ರಿಂದ 20 ಡಿಗ್ರಿ ಸಾಕು. ಕೊನೆಯ ಧಾರ ಯಾವಾಗಲೂ ನೀರು ಹಾಕಿದ ಸಾಣೆಕಲ್ಲಿನ ಮೇಲೆ.

ಹಿಡಿಗೆ ಯಾವ ಮರ?

ಪೆಟ್ಟು ತಿನ್ನುವ ಸುತ್ತಿಗೆ, ಕೊಡಲಿಗೆ ತಡಸಲು ಅಥವಾ ದಿಂಡಿಗ. ಎರಡೂ ಬಳುಕಿ ಪೆಟ್ಟು ನುಂಗುತ್ತವೆ. ಉಳಿಗೆ ಒಣಗಿದ ಜಾಲಿಯೂ ಆಗುತ್ತದೆ. ನಾರು ಹಿಡಿಯ ಉದ್ದಕ್ಕೆ ಓಡಿರಬೇಕು.

ಜೂನ್ ಬಂತೆಂದರೆ ಎಲ್ಲದಕ್ಕೂ ತುಕ್ಕು. ಏನು ಮಾಡಲಿ?

ಧಾರವಾಡದ ಜಡಿಮಳೆಯಲ್ಲಿ ನನಗೂ ಇದೇ ಹೋರಾಟ. ಬೆವರಿನ ಉಪ್ಪು ಮಳೆಗಿಂತ ಕೆಟ್ಟದ್ದು. ಬಳಸಿದ ಮೇಲೆ ಒರೆಸಿ ಎಣ್ಣೆ ಬಟ್ಟೆ ಆಡಿಸಿ, ತಿಂಗಳುಗಟ್ಟಲೆ ಮುಟ್ಟದವಕ್ಕೆ ಜೇನುಮೇಣ ಹಚ್ಚಿ. ತುಕ್ಕು ಹಿಡಿದದ್ದನ್ನು ಹುಣಸೆ ರಸದಲ್ಲಿ ಒಂದು ರಾತ್ರಿ ನೆನೆಸಿ, ತಿಕ್ಕಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಲೆಯ ಬದಿಯಲ್ಲಿ ಒಣಗಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಿ.

## ಮುಂದುವರಿದವರಿಗೆ

ಹಳೆಯ ಲೇತ್ ಒಂದು ಮಾರಾಟಕ್ಕಿದೆ. ಏನು ನೋಡಿ ಕೊಳ್ಳಲಿ?

ಬಣ್ಣ ನೋಡಬೇಡಿ. ಹಾಸಿನ (ಲೇತಿನ ಉದ್ದನೆಯ ತಳ) ಮೇಲೆ ಕ್ಯಾರೇಜನ್ನು (ಕಡಿಯುವ ಉಳಿಯನ್ನು ಹೊತ್ತು ಸರಿಯುವ ಭಾಗ) ಚಕ್ಕಿನ (ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಹತ್ತಿರ ತಂದು, ಆಟವಿಲ್ಲದಂತೆ, ಆದರೆ ಸರಿಯುವಷ್ಟು ಬಿಗಿ ಮಾಡಿ, ಆಮೇಲೆ ಬಲತುದಿಗೆ ತಳ್ಳಿ. ಅಲ್ಲಿ ಸಿಕ್ಕಿಕೊಂಡರೆ ಹಾಸು ಚಕ್ಕಿನ ಬಳಿ ಸವೆದಿದೆ ಎಂದರ್ಥ, ಏಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲೇ. ಚಕ್ಕಿಗೆ ಉದ್ದನೆಯ ಸರಳು ಹಿಡಿಸಿ ಮೇಲಕ್ಕೆತ್ತಿ, ಡಯಲ್ ಗೇಜಿನಲ್ಲಿ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಸ್ಪಿಂಡಲ್ಲಿನ, ಅಂದರೆ ಚಕ್ಕನ್ನು ತಿರುಗಿಸುವ ಅಚ್ಚಿನ, ಆಟ ನೋಡಿ. ಗಿಯರುಗಳ ಹಲ್ಲು ಎಣಿಸಿ. ಮೋಟಾರು ಮೂರು ಫೇಸಿನದಾದರೆ ಮನೆಯ ಒಂದು ಫೇಸಿನ ವಿದ್ಯುತ್ತಿನಲ್ಲಿ ಅದನ್ನು ಓಡಿಸಲು ವಿಎಫ್‌ಡಿ ಎಂಬ ಸಾಧನ ಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿ. ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತುಗಳು ಸಿಕ್ಕಿದರೆ ಗಮನವಿಟ್ಟು ನೋಡಿ. ಭಾರವಾದ ಎರಕ, ಸವೆದರೂ ತಿದ್ದಬಹುದು. ಲೇತಿನ ಮುಂದೆ ಕೈಗವಸು, ಸಡಿಲ ತೋಳು, ಕೊರಳ ವಸ್ತ್ರ ಬೇಡ. ಚಕ್ಕಿನ ಕೀಲಿಯಿಂದ ಕೈ ತೆಗೆಯುವ ಮೊದಲು ಕೀಲಿಯನ್ನು ಚಕ್ಕಿನಿಂದ ತೆಗೆಯಿರಿ.

ಸರ್ಫೇಸ್ ಪ್ಲೇಟ್ (ಮಟ್ಟಸ ಪರೀಕ್ಷಿಸಲು ಬಳಸುವ ಅತಿ ಸಮತಟ್ಟಾದ ಫಲಕ) ಕೊಳ್ಳುವ ಶಕ್ತಿ ಇಲ್ಲ. ಮಟ್ಟಸವನ್ನು ಮನೆಯಲ್ಲೇ ಹುಟ್ಟಿಸಬಹುದೇ?

ಹುಟ್ಟಿಸಬಹುದು. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಅಳತೆಗೆ ಬೇರೆ ಯಾವ ಮಟ್ಟಸ ವಸ್ತುವೂ ಬೇಡ, ಮೂರು ಎರಕದ ಫಲಕಗಳು ಸಾಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತ್ ಈ ವಿಧಾನವನ್ನು ಪ್ರಚಾರಕ್ಕೆ ತಂದರು.

ಎರಡೇ ಫಲಕ ಏಕೆ ಸಾಲದು? ಒಂದು ತಟ್ಟೆಯಂತೆ ತಗ್ಗಿದ್ದು, ಇನ್ನೊಂದು ಅಷ್ಟೇ ಉಬ್ಬಿದ್ದರೂ ಎರಡೂ ಒಂದಕ್ಕೊಂದು ಸಂದಿಲ್ಲದೆ ಕೂರುತ್ತವೆ. ಮೂರನೆಯದು ಬಂದಾಗ ಆ ಮೋಸ ನಡೆಯುವುದಿಲ್ಲ. ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಒಂದನೆಯದಕ್ಕೆ ಪೂರ್ತಿ ಕೂರಬೇಕಾದರೆ ಮೂರೂ ಮಟ್ಟಸವಾಗಿರಲೇಬೇಕು. ತಿರುಚು ಉಳಿಯದಂತೆ ನಡುನಡುವೆ ಫಲಕವನ್ನು 90 ಡಿಗ್ರಿ ತಿರುಗಿಸಿಯೂ ಹೋಲಿಸಬೇಕು.

ಒಂದು ಫಲಕಕ್ಕೆ ಎಂಜಿನಿಯರ್ಸ್ ಬ್ಲೂ ಎಂಬ ನೀಲಿ ಬಣ್ಣವನ್ನು ಉಸಿರಿನಷ್ಟು ತೆಳುವಾಗಿ ಸವರಿ ಇನ್ನೊಂದರ ಮೇಲಿಟ್ಟು ಮೆಲ್ಲಗೆ ಆಡಿಸಿ. ನೀಲಿ ಹತ್ತಿದಲ್ಲಿ ಉಬ್ಬಿದೆ. ಆ ಚುಕ್ಕೆಗಳನ್ನು ಮಾತ್ರ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಸ್ಕ್ರೇಪರ್ ಎಂದರೆ ಬೇರೇನಲ್ಲ, ಹಲ್ಲು ತೇಯ್ದು ತುದಿ ಚೂಪು ಮಾಡಿದ ಹಳೆಯ ಅರ. ಮೊದಲ ದಿನ ಫಲಕಕ್ಕೆ ಮೂರೇ ಚುಕ್ಕೆ ಬೀಳುತ್ತವೆ. ವಾರ ಕಳೆದಂತೆ ಆರು, ಹನ್ನೆರಡು, ಆಮೇಲೆ ಎಣಿಸಲಾಗದಷ್ಟು. ಚದರ ಅಂಗುಲಕ್ಕೆ ಹತ್ತಾರು ಚುಕ್ಕೆ ಸಮನಾಗಿ ಹರಡಿದಾಗ ನಿಲ್ಲಿಸಬಹುದು. ನನ್ನ ಮೂರು ಫಲಕಗಳು ಆರು ಅಂಗುಲದವು, ಒಂದು ಮಳೆಗಾಲ ಪೂರ್ತಿ ಹಿಡಿದವು. ಕೊನೆಯ ಸಂಜೆ ಚೆನ್ನಾಗಿ ಒರೆಸಿ ಒಂದರ ಮೇಲೊಂದನ್ನು ಇಟ್ಟಾಗ, ಮೇಲಿನದು ನಡುವಿನ ಗಾಳಿಯ ಮೇಲೆ ತೇಲಿ ಬೆರಳು ತಾಗಿದರೆ ಜಾರಿತು. ಗಾಳಿ ಹೊರಬಿದ್ದ ಮೇಲೆ ಎತ್ತಲು ಹೋದರೆ ಕೆಳಗಿನದು ಬಿಡಲಿಲ್ಲ.